ಹುಡುಗ ಹುಡುಗಿಯರನ್ನು ಜೊತೆ ಸೇರಿಸಿಕೊಂಡು ತಂಬಾಕು ವಿರೋಧಿ ಅಭಿಯಾನ: ಶುರುವಿನಿಂದ ಪೂರ್ತಿ ಮಾರ್ಗದರ್ಶಿ

ಮೇ 31 ವಿಶ್ವ ತಂಬಾಕು ರಹಿತ ದಿನ. ಆ ದಿನಕ್ಕಾಗಿ ನಾನು ಮೊದಲ ಸಲ ಮಕ್ಕಳನ್ನು ಸೇರಿಸಿ ಮೆರವಣಿಗೆ ಮಾಡಿಸಿದಾಗ ಎಲ್ಲವೂ ಚೆನ್ನಾಗಿಯೇ ನಡೆಯಿತು ಅಂದುಕೊಂಡಿದ್ದೆ. ನಲವತ್ತು ಮಕ್ಕಳು, ನಲವತ್ತು ಫಲಕ. ಘೋಷಣೆ ಬರೆದವನು ನಾನು, ದಾರಿ ಗೊತ್ತು ಮಾಡಿದವನು ನಾನು, ಯಾರು ಎಲ್ಲಿ ನಿಲ್ಲಬೇಕು ಅಂತ ಹೇಳಿದವನೂ ನಾನೇ. ಮುಗಿದ ಮೇಲೆ ನೀರು ಕುಡಿಯುತ್ತಿದ್ದ ಒಬ್ಬ ಹುಡುಗನನ್ನು, "ನಿನ್ನ ಫಲಕದಲ್ಲಿ ಏನಿತ್ತಪ್ಪಾ?" ಅಂತ ಸುಮ್ನೆ ಕೇಳಿದೆ. ಅವನು ಫಲಕವನ್ನು ತನ್ನ ಕಡೆ ತಿರುಗಿಸಿಕೊಂಡು, ಓದಿ ಹೇಳಿದ. ಎರಡು ಗಂಟೆ ಅದನ್ನೇ ಎತ್ತಿ ಹಿಡಿದು ನಡೆದಿದ್ದ.

ಅವನದೇನೂ ತಪ್ಪಿಲ್ಲ. ಫಲಕದ ಬರಹ ಇದ್ದದ್ದು ಜನರ ಕಡೆಗೆ, ಹಿಡಿದವನ ಕಡೆಗಲ್ಲ. ಅದಾದ ಮೇಲೆ ಹಲವು ತಂಡಗಳ ಜೊತೆ ಕೆಲಸ ಮಾಡಿದ್ದೇನೆ, ಹಲವು ಸಲ ಎಡವಿದ್ದೇನೆ. ಅಷ್ಟರಲ್ಲಿ ಕಲಿತದ್ದನ್ನು ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ. ನೀವು ಶಿಕ್ಷಕರಾಗಿರಬಹುದು, ಆರೋಗ್ಯ ಕಾರ್ಯಕರ್ತರಾಗಿರಬಹುದು, ಯುವಕ ಸಂಘದವರಾಗಿರಬಹುದು. ಕೆಲಸದ ಕ್ರಮ ಹೆಚ್ಚು ಕಡಿಮೆ ಒಂದೇ.

ಈ ವಯಸ್ಸಿನವರೇ ಯಾಕೆ?

ಅಮೆರಿಕದಲ್ಲಿ 2012ರಲ್ಲಿ ಬಂದ ಸರ್ಜನ್ ಜನರಲ್ (ಅಲ್ಲಿನ ಸರ್ಕಾರದ ಹಿರಿಯ ಆರೋಗ್ಯ ಅಧಿಕಾರಿ) ವರದಿ ಒಂದು ಲೆಕ್ಕ ಕೊಟ್ಟಿತು. ದಿನವೂ ಸೇದುವ ದೊಡ್ಡವರಲ್ಲಿ ಸುಮಾರು 88% ಜನ ಮೊದಲ ಸಿಗರೇಟು ಸೇದಿದ್ದು 18 ವರ್ಷ ತುಂಬುವುದರೊಳಗೆ. 26ರ ಹೊತ್ತಿಗೆ ಆ ಲೆಕ್ಕ 99% ಮುಟ್ಟುತ್ತದೆ. ಅಂದರೆ ಇಪ್ಪತ್ತಾರು ದಾಟುವವರೆಗೆ ಮುಟ್ಟದವರು ಆಮೇಲೆ ಶುರು ಮಾಡುವುದು ತೀರಾ ಅಪರೂಪ.

ತಂಬಾಕು ಕಂಪನಿಗಳಿಗೆ ಇದು ನಮಗಿಂತ ಮೊದಲೇ ಗೊತ್ತಿತ್ತು. ಆರ್‌.ಜೆ. ರೆನಾಲ್ಡ್ಸ್ ಕಂಪನಿಯ 1984ರ ಒಳಗಿನ ವರದಿಯೊಂದು ನಂತರ ಹೊರಬಂತು. ಹಳೆಯ ಗಿರಾಕಿಗಳು ಕಡಿಮೆಯಾದಂತೆ ಆ ಜಾಗ ತುಂಬುವವರು ಚಿಕ್ಕ ವಯಸ್ಸಿನವರು ಮಾತ್ರ ಅಂತ ಅದರಲ್ಲಿ ಬರೆದುಕೊಂಡಿದ್ದರು. ಹೊಗೆಯಲ್ಲಿರುವ, ಚಟ ಹಿಡಿಸುವ ನಿಕೋಟಿನ್ ಕೆಲವೇ ಸೆಕೆಂಡುಗಳಲ್ಲಿ ಮಿದುಳು ಮುಟ್ಟುತ್ತದೆ. ಮಿದುಳು ಬೆಳೆಯುವುದು ಇಪ್ಪತ್ತೈದರ ಆಸುಪಾಸಿನವರೆಗೂ ನಡೆದೇ ಇರುತ್ತದೆ. ಆ ಹೊತ್ತಿಗೆ ಅಂಟಿದ ಚಟ ಬೇಗ ಬಿಡುವುದಿಲ್ಲ.

ಹಾಗಾಗಿ ಇದು ಯಾರ ವಿಷಯವೋ ಅವರೇ ಈ ಅಭಿಯಾನದಲ್ಲಿ ಮಾತಾಡಬೇಕು. ಬರೀ ಮಾತಾಡಿದರೂ ಸಾಲದು, ತೀರ್ಮಾನಗಳೂ ಅವರ ಕೈಗೆ ಹೋಗಬೇಕು. ಎಲ್ಲರೂ ಜಾರುವುದು ಇಲ್ಲೇ.

ಹಂತ 1: ಮಕ್ಕಳನ್ನು ಕರೆಯುವ ಮೊದಲು ನೀವೇ ಕೂತು ಯೋಚಿಸಿ

1992ರಲ್ಲಿ ರೋಜರ್ ಹಾರ್ಟ್ ಎಂಬುವರು ಯುನಿಸೆಫ್‌ಗಾಗಿ ಬರೆಯುತ್ತಾ, ಮಕ್ಕಳ ಭಾಗವಹಿಸುವಿಕೆಯನ್ನು ಎಂಟು ಮೆಟ್ಟಿಲ ಏಣಿಯಾಗಿ ತೋರಿಸಿದರು. ಕೆಳಗಿನ ಮೂರು ಮೆಟ್ಟಿಲು ಲೆಕ್ಕಕ್ಕಿಲ್ಲ ಅಂದರು: ಮಕ್ಕಳನ್ನು ದಾಳವಾಗಿ ಬಳಸುವುದು, ಅಲಂಕಾರಕ್ಕೆ ನಿಲ್ಲಿಸುವುದು, ನೆಪಕ್ಕೆ ಸೇರಿಸಿಕೊಳ್ಳುವುದು. ನನ್ನ ಮೆರವಣಿಗೆ ಎರಡನೇ ಮೆಟ್ಟಿಲಲ್ಲಿತ್ತು ಅಂತ ಓದಿದ ದಿನವೇ ಗೊತ್ತಾಯಿತು.

ಒಂದು ಹಾಳೆ ತೆಗೆದುಕೊಳ್ಳಿ, ನಡುವೆ ಗೆರೆ ಎಳೆಯಿರಿ. ಎಡಕ್ಕೆ ಮಕ್ಕಳೇ ತೀರ್ಮಾನಿಸುವ ವಿಷಯಗಳು, ಬಲಕ್ಕೆ ನೀವು ಬಿಟ್ಟುಕೊಡಲಾಗದವು. ಅಭಿಯಾನದ ಹೆಸರು, ಬೇಡಿಕೆ, ಪೋಸ್ಟರಿನ ಮಾತು, ಯಾರು ಮಾತಾಡಬೇಕು, ಕೈಯಲ್ಲಿರುವ ಹಣದಲ್ಲಿ ಒಂದು ಪಾಲು, ಇವೆಲ್ಲ ಎಡಕ್ಕೆ. ಸುರಕ್ಷತೆ, ಕಾನೂನು, ಪೋಷಕರ ಒಪ್ಪಿಗೆ ಬಲಕ್ಕೆ. ಎಡಗಡೆ ಬರೆಯಲು ಏನೂ ಸಿಗದಿದ್ದರೆ ಮಕ್ಕಳನ್ನು ಕರೆಯಲೇಬೇಡಿ, ಪೋಸ್ಟರು ನೀವೇ ಅಂಟಿಸಿಕೊಳ್ಳಿ. ಹಾಳೆಯನ್ನು ಮೊದಲ ಸಭೆಯಲ್ಲೇ ಅವರ ಮುಂದಿಡಿ. "ಇಷ್ಟು ನಿಮ್ಮದು, ಇಷ್ಟು ನನ್ನದು" ಅಂತ ನೇರವಾಗಿ ಹೇಳಿದರೆ ಅವರು ಬೇಜಾರು ಮಾಡಿಕೊಳ್ಳುವುದಿಲ್ಲ. ಎಲ್ಲ ನಿಮ್ಮದೇ ಅಂತ ಹೇಳಿ, ಕೊನೆಗೆ ಪೋಸ್ಟರ್ ಬದಲಾಯಿಸಿದರೆ ಮಾತ್ರ ಮುಂದಿನ ವಾರ ಯಾರೂ ಬರುವುದಿಲ್ಲ.

ಹಂತ 2: ಯಾರನ್ನು ಸೇರಿಸಿಕೊಳ್ಳಬೇಕು

ತರಗತಿಯ ಲೀಡರು, ಭಾಷಣ ಸ್ಪರ್ಧೆಯಲ್ಲಿ ಗೆದ್ದವಳು, ಯಾವಾಗಲೂ ಕೈ ಎತ್ತುವವನು. ಇವರು ಹೇಗೂ ಬರುತ್ತಾರೆ, ಬರಲಿ. ಆದರೆ ಇಡೀ ತಂಡ ಇವರೇ ಆದರೆ ಅಭಿಯಾನದ ಮಾತು ಮೇಷ್ಟ್ರ ಮಾತಿನ ಹಾಗೇ ಇರುತ್ತದೆ. ಹಿಂದಿನ ಬೆಂಚಿನವರು ಬೇಕು. ಚಿತ್ರ ಬರೆಯುವವಳು, ಫೋನಿನಲ್ಲಿ ವಿಡಿಯೋ ಎಡಿಟ್ ಮಾಡುವವನು, ನಾಲ್ಕು ಜನರನ್ನು ನಗಿಸುವವನು ಬೇಕು. ಮನೆಯಲ್ಲಿ ಅಪ್ಪನೋ ಅಜ್ಜನೋ ತಂಬಾಕಿನಿಂದ ಕಷ್ಟಪಟ್ಟದ್ದನ್ನು ನೋಡಿದ ಮಕ್ಕಳು ಬೇಕು.

ಈಗಾಗಲೇ ಸೇದುವ, ಜಗಿಯುವ, ವೇಪ್ (ಇ-ಸಿಗರೇಟು) ಎಳೆಯುವ ಮಕ್ಕಳೂ ಬೇಕು. ಇದಕ್ಕೆ ತುಂಬಾ ಜನ ಒಪ್ಪುವುದಿಲ್ಲ, "ಕಳ್ಳನ ಕೈಗೆ ಕೀಲಿಕೈ ಕೊಟ್ಟ ಹಾಗೆ" ಅನ್ನುತ್ತಾರೆ. ನನ್ನ ಅನುಭವ ಬೇರೆ. ಎಲ್ಲಿ ಸಿಗುತ್ತದೆ, ಯಾರು ಮೊದಲು ಕೊಡುತ್ತಾರೆ, ಬಿಡಲು ಹೋದಾಗ ಏನಾಗುತ್ತದೆ ಅನ್ನುವುದು ಅವರಿಗೆ ಗೊತ್ತು, ನಮಗೆ ಗೊತ್ತಿಲ್ಲ. ಅವರನ್ನು ಸೇರಿಸಲು ಒಂದೇ ಷರತ್ತು: ಸಭೆಯಲ್ಲಿ ಹೇಳಿದ್ದು ಶಿಕ್ಷೆಗೆ ಕಾರಣವಾಗಬಾರದು. ಆ ಭರವಸೆ ಕೊಡುವ ಮೊದಲು ನಿಮ್ಮ ಮೇಲಿನವರ ಜೊತೆ ಮಾತಾಡಿ ಖಚಿತ ಮಾಡಿಕೊಳ್ಳಿ.

ಎಂಟರಿಂದ ಹದಿನೈದು ಜನ ಸಾಕು. ಅದಕ್ಕಿಂತ ಜಾಸ್ತಿಯಾದರೆ ಮೂವರು ಮಾತಾಡುತ್ತಾರೆ, ಉಳಿದವರು ಫೋನ್ ನೋಡುತ್ತಾರೆ. ಹದಿನೆಂಟು ತುಂಬದವರಿದ್ದರೆ ಪೋಷಕರ ಒಪ್ಪಿಗೆ ಬರಹದಲ್ಲಿ ತೆಗೆದುಕೊಳ್ಳಿ. ಫೋಟೋಗೆ ಬೇರೆಯಾಗಿಯೇ ಒಪ್ಪಿಗೆ ಕೇಳಿ.

ಹಂತ 3: ಮೊದಲ ಮೂರು ಸಭೆ

ಕಪ್ಪಾದ ಶ್ವಾಸಕೋಶದ ಚಿತ್ರದಿಂದ ಶುರು ಮಾಡಬೇಡಿ. ತಂಬಾಕು ಕೆಟ್ಟದ್ದು ಅಂತ ಅವರಿಗೆ ಗೊತ್ತು. ನಲವತ್ತು ವರ್ಷದ ನಂತರ ಬರುವ ಕಾಯಿಲೆ ಹದಿನೈದರ ಹುಡುಗನಿಗೆ ಬೇರೆ ಯಾರದ್ದೋ ಕಾಯಿಲೆ. ಬರೀ ಹೆದರಿಸಿ, ದಾರಿ ತೋರಿಸದೆ ಬಿಟ್ಟರೆ ಮನಸ್ಸು ಮುಖ ತಿರುಗಿಸಿಕೊಳ್ಳುತ್ತದೆ.

ಮೊದಲ ಸಭೆಗೆ ನಾನು ಚೀಟಿ ಆಟ ಇಟ್ಟುಕೊಳ್ಳುತ್ತೇನೆ. ಎಲ್ಲರಿಗೂ ಒಂದೇ ಅಳತೆಯ ಎರಡು ಚೀಟಿ, ಒಂದೇ ಬಣ್ಣದ ಪೆನ್ನು. ಮೊದಲ ಚೀಟಿಯಲ್ಲಿ, "ನಿಮ್ಮ ವಯಸ್ಸಿನ ನೂರು ಜನರಲ್ಲಿ ಎಷ್ಟು ಜನ ತಂಬಾಕು ಬಳಸುತ್ತಾರೆ?" ಅನ್ನುವುದಕ್ಕೆ ಅಂದಾಜು. ಎರಡನೆಯದರಲ್ಲಿ, "ಕಳೆದ ಮೂವತ್ತು ದಿನದಲ್ಲಿ ನೀವು ಬಳಸಿದ್ದೀರಾ?" ಅನ್ನುವುದಕ್ಕೆ ಹೌದು ಅಥವಾ ಇಲ್ಲ. ಹೆಸರು ಬೇಡ. ಮಡಚಿ ಎರಡು ಡಬ್ಬಿಗೆ ಹಾಕಬೇಕು. ಗುಂಪು ಚಿಕ್ಕದಾದರೆ ಯಾರದ್ದು ಅಂತ ಗೊತ್ತಾಗಿಬಿಡುತ್ತದೆ, ಹಾಗಾಗಿ ಇದನ್ನು ಇಡೀ ತರಗತಿಗೆ ಮಾಡಿಸಿದರೆ ಒಳ್ಳೆಯದು. ಒಂದು ತರಗತಿಯಲ್ಲಿ ಅಂದಾಜಿನ ಚೀಟಿಗಳಲ್ಲಿ ನಲವತ್ತು, ಐವತ್ತು, ಒಬ್ಬ ಎಂಬತ್ತು ಅಂತಲೂ ಬರೆದಿದ್ದ. ಎರಡನೇ ಡಬ್ಬಿ ಬಿಚ್ಚಿದಾಗ ಅರವತ್ತು ಚೀಟಿಯಲ್ಲಿ ಐದು "ಹೌದು". ಕೋಣೆ ಒಂದು ಕ್ಷಣ ಸುಮ್ಮನಾಯಿತು. ಆಮೇಲೆ ಹಿಂದಿನಿಂದ ಯಾರೋ, "ಮತ್ತೆ ಎಲ್ಲಾರೂ ಸೇದ್ತಾರೆ ಅಂತೀರಲ್ಲೋ?" ಅಂದರು. ತಮ್ಮ ವಯಸ್ಸಿನವರಲ್ಲಿ ಸೇದುವವರು ಇರುವುದಕ್ಕಿಂತ ಜಾಸ್ತಿ ಅಂತ ಭಾವಿಸುವುದು ಬಹಳ ಕಡೆ ಕಂಡುಬಂದಿದೆ. "ಎಲ್ಲರೂ ಮಾಡುತ್ತಾರೆ" ಅನ್ನುವ ಅಂದಾಜೇ ಶುರು ಮಾಡಲು ಒಂದು ಕಾರಣವೂ ಆಗುತ್ತದೆ. ಎಲ್ಲ ಕಡೆಯೂ ಹೀಗೇ ಬರುತ್ತದೆ ಅಂತಲ್ಲ. "ಹೌದು" ಜಾಸ್ತಿ ಬಂದರೆ ಮುಚ್ಚಿಡಬೇಡಿ. ನಿಮ್ಮ ಕೆಲಸ ಎಲ್ಲಿಂದ ಶುರುವಾಗಬೇಕು ಅನ್ನುವುದು ಗೊತ್ತಾಯಿತು ಅಂದುಕೊಳ್ಳಿ.

ಎರಡನೇ ಸಭೆ ಕಂಪನಿಗಳ ಬಗ್ಗೆ. ಕ್ಯಾಮೆಲ್ ಸಿಗರೇಟಿಗೆ ಜೋ ಕ್ಯಾಮೆಲ್ ಅನ್ನುವ ಕಾರ್ಟೂನ್ ಒಂಟೆ ಇತ್ತು. 1991ರಲ್ಲಿ ಬಂದ ಅಧ್ಯಯನದಲ್ಲಿ ಆರು ವರ್ಷದ ಮಕ್ಕಳಲ್ಲಿ 91% ಆ ಒಂಟೆಯನ್ನು ಸಿಗರೇಟಿನ ಚಿತ್ರಕ್ಕೆ ಸರಿಯಾಗಿ ಹೊಂದಿಸಿದ್ದರು. ಮಿಕ್ಕಿ ಮೌಸ್ ಗುರುತು ಹಿಡಿದವರೂ ಹೆಚ್ಚು ಕಡಿಮೆ ಅಷ್ಟೇ. 1997ರಲ್ಲಿ ಕಂಪನಿ ಆ ಒಂಟೆಯನ್ನು ಕೈಬಿಟ್ಟಿತು. ಇದನ್ನು ಹೇಳಿ, ಇವತ್ತಿನ ಒಂಟೆ ಯಾವುದು ಅಂತ ಕೇಳಿ ನೋಡಿ. ಹಣ್ಣಿನ ಫ್ಲೇವರಿನ ವೇಪ್, ಪೆನ್ ಡ್ರೈವ್ ಥರ ಕಾಣುವ ಸಾಧನ, ರೀಲ್ಸ್‌ನಲ್ಲಿ ಹೊಗೆಯ ಉಂಗುರ ಬಿಡುವವರು... ಪಟ್ಟಿ ಅವರೇ ಮಾಡುತ್ತಾರೆ. ಯಾರೋ ತಮ್ಮನ್ನು ಏಮಾರಿಸುತ್ತಿದ್ದಾರೆ ಅಂತ ಗೊತ್ತಾದಾಗ ಈ ವಯಸ್ಸಿನವರಿಗೆ ಬರುವ ಸಿಟ್ಟಿದೆಯಲ್ಲ, ಅದು ಹತ್ತು ಉಪದೇಶಕ್ಕೆ ಸಮ.

ಮೂರನೆಯದರಲ್ಲಿ ಆರೋಗ್ಯದ ವಿಷಯ. ಆದಷ್ಟು ಪ್ರಶ್ನೋತ್ತರದ ರೂಪದಲ್ಲಿರಲಿ, ವೈದ್ಯರೊಬ್ಬರು ಬಂದರೆ ಸಾಕು. ಹೊಗೆಯಲ್ಲಿ 7,000ಕ್ಕೂ ಜಾಸ್ತಿ ರಾಸಾಯನಿಕಗಳಿವೆ. ಪಕ್ಕದವರ ಹೊಗೆಯೂ ಕೊಲ್ಲುತ್ತದೆ. ಜಗಿಯುವ ತಂಬಾಕಿಗೆ ಹೊಗೆ ಇಲ್ಲದಿದ್ದರೂ ಬಾಯಿಯ ಕ್ಯಾನ್ಸರ್ ಬರುತ್ತದೆ. ಸಿಗರೇಟಿನ ಫಿಲ್ಟರ್ ಹತ್ತಿಯಲ್ಲ, ಒಂದು ಬಗೆಯ ಪ್ಲಾಸ್ಟಿಕ್. ಈ ಕೊನೆಯದು ಪರಿಸರದ ಬಗ್ಗೆ ತಲೆ ಕೆಡಿಸಿಕೊಳ್ಳುವ ಮಕ್ಕಳನ್ನು ಸೆಳೆಯುತ್ತದೆ.

ಹಂತ 4: ಹೊರಗೆ ಹೋಗಿ ನೋಡುವುದು

ಇದು ನನಗೆ ತುಂಬಾ ಇಷ್ಟದ ಹಂತ. ಮಕ್ಕಳು ಇಬ್ಬಿಬ್ಬರಾಗಿ, ದೂರದಲ್ಲಿ ಒಬ್ಬ ದೊಡ್ಡವರ ಜೊತೆ, ತಮ್ಮ ಸುತ್ತಮುತ್ತಲಿನ ನಕ್ಷೆ ಮಾಡಬೇಕು. ತಂಬಾಕು ಎಲ್ಲಿ ಮಾರುತ್ತಾರೆ, ಶಾಲೆಯಿಂದ ಎಷ್ಟು ಹೆಜ್ಜೆ, ಜಾಹೀರಾತು ಇದೆಯಾ, ಎಚ್ಚರಿಕೆ ಫಲಕ ಇದೆಯಾ, ಪ್ಯಾಕುಗಳು ಯಾವ ಎತ್ತರದಲ್ಲಿವೆ, ಪಕ್ಕದಲ್ಲಿ ಏನಿದೆ.

ಒಂದು ಸಲ ತಂಡದ ಹುಡುಗಿಯೊಬ್ಬಳು ಅಂಗಡಿಯ ಮುಂದೆ ಇದ್ದಕ್ಕಿದ್ದ ಹಾಗೆ ಕುಕ್ಕರಗಾಲಲ್ಲಿ ಕೂತಳು. ಏನೋ ಬಿದ್ದಿರಬೇಕು ಅಂದುಕೊಂಡೆ. ಅವಳು ಅಳತೆ ಟೇಪನ್ನು ನೆಲದಿಂದ ತನ್ನ ಕಣ್ಣಿನವರೆಗೆ ಹಿಡಿದು, "ನನ್ನ ತಮ್ಮನ ಎತ್ತರ ಇಷ್ಟೇ ಸರ್. ಇಲ್ಲಿಂದ ನೋಡಿ" ಅಂದಳು. ನಾನೂ ಕೂತೆ. ನಿಂತಾಗ ಮೊದಲು ಕಂಡದ್ದು ಅಂಗಡಿಯವನ ಮುಖ. ಕೂತಾಗ ಕಂಡದ್ದು ಗಾಜಿನ ಹಿಂದೆ ಮೇಲಿನ ಸಾಲಿನಲ್ಲಿ ಚಾಕೊಲೇಟು, ಅದರ ಕೆಳಗೇ ಅಂಟಿಕೊಂಡ ಹಾಗೆ ಸಿಗರೇಟು ಪ್ಯಾಕು. ಆಮೇಲೆ ಆ ತಂಡ ಎಲ್ಲ ಅಂಗಡಿಗಳನ್ನೂ ಕೂತೇ ನೋಡಿತು. ಇಂಥ ಐಡಿಯಾ ನನ್ನ ತಲೆಗೆ ಹತ್ತು ವರ್ಷ ಕಳೆದರೂ ಬರುತ್ತಿರಲಿಲ್ಲ.

ಕೆಲವು ಎಚ್ಚರಿಕೆ. ಮಕ್ಕಳು ಪರೀಕ್ಷೆಗೆಂದು ತಂಬಾಕು ಕೊಳ್ಳಲು ಹೋಗಬಾರದು, ಅದು ಅಧಿಕಾರಿಗಳ ಕೆಲಸ. ಅಂಗಡಿಯವರ, ಗಿರಾಕಿಗಳ ಮುಖದ ಫೋಟೋ ಬೇಡ. ಯಾರಾದರೂ ರೇಗಿದರೆ ವಾದ ಮಾಡದೆ ಹೊರಟು ಬರಬೇಕು. ಕತ್ತಲಾದ ಮೇಲೆ ಈ ಕೆಲಸ ಇಲ್ಲ.

ಹಂತ 5: ಒಂದೇ ಬೇಡಿಕೆ

"ತಂಬಾಕು ಮುಕ್ತ ಸಮಾಜ" ಬೇಡಿಕೆ ಅಲ್ಲ, ಆಸೆ. ಅದಕ್ಕೆ ಹೂಂ ಅನ್ನುವವರೂ ಇಲ್ಲ, ಊಹೂಂ ಅನ್ನುವವರೂ ಇಲ್ಲ. "ಶಾಲೆಯ ಗೇಟಿನ ಹತ್ತಿರ ಮಾರಾಟ ನಿಲ್ಲಬೇಕು", "ಈ ಆಟದ ಮೈದಾನ ಹೊಗೆ ಮುಕ್ತ ಅಂತ ಘೋಷಿಸಬೇಕು", "ಅಂಗಡಿಯಲ್ಲಿ ತಂಬಾಕು ಕಣ್ಣಿಗೆ ಕಾಣದ ಹಾಗೆ ಇಡಬೇಕು", ಇವು ಬೇಡಿಕೆ. ಪ್ರತಿಯೊಂದಕ್ಕೂ ಮೂರು ಪ್ರಶ್ನೆ ಕೇಳಿ: ಹೂಂ ಅನ್ನುವ ಅಧಿಕಾರ ಯಾರಿಗಿದೆ? ಎಷ್ಟು ದಿನದಲ್ಲಿ ಆಗಬಹುದು? ಆಯಿತು ಅಂತ ಕಣ್ಣಲ್ಲಿ ನೋಡಿ ಹೇಳಬಹುದಾ?

ಯಾವುದು ಕೆಲಸ ಮಾಡುತ್ತದೆ ಅಂತ ಹೊಸದಾಗಿ ಹುಡುಕಬೇಕಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ತಂಬಾಕು ನಿಯಂತ್ರಣ ಒಪ್ಪಂದ 2003ರಲ್ಲಿ ಅಂಗೀಕಾರವಾಗಿ, 2005ರ ಫೆಬ್ರುವರಿ 27ರಿಂದ ಜಾರಿಯಲ್ಲಿದೆ. 180ಕ್ಕೂ ಹೆಚ್ಚು ದೇಶಗಳು ಅದಕ್ಕೆ ಸೇರಿವೆ. 8ನೇ ವಿಧಿ ಪಕ್ಕದವರ ಹೊಗೆಯ ಬಗ್ಗೆ, 11 ಪ್ಯಾಕಿನ ಮೇಲಿನ ಎಚ್ಚರಿಕೆ, 13 ಜಾಹೀರಾತು, 16 ಚಿಕ್ಕವರಿಗೆ ಮಾರಾಟ. ಜೊತೆಗೆ ತೆರಿಗೆ: ತಂಬಾಕಿನ ಬೆಲೆ 10% ಏರಿದರೆ ಬಳಕೆ ಸುಮಾರು 4ರಿಂದ 5% ಇಳಿಯುತ್ತದೆ, ಕೈಯಲ್ಲಿ ಕಾಸು ಕಡಿಮೆ ಇರುವ ಚಿಕ್ಕವರಲ್ಲಿ ಇನ್ನೂ ಜಾಸ್ತಿ. ನಿಮ್ಮ ದೇಶದ ಕಾನೂನು ಏನು ಹೇಳುತ್ತದೆ ಅನ್ನುವುದನ್ನು ಮಕ್ಕಳೇ ಓದಲಿ. ಕಾನೂನು ಈಗಾಗಲೇ ಇದ್ದು ಪಾಲನೆ ಆಗುತ್ತಿಲ್ಲದಿದ್ದರೆ ಬೇಡಿಕೆ ಸುಲಭ. ಹೊಸದೇನೂ ಕೇಳಬೇಕಿಲ್ಲ, ಇದ್ದದ್ದನ್ನು ಮಾಡಿ ಅಂದರೆ ಆಯಿತು.

ಹಂತ 6: ಮಾತು ಹೇಗಿರಬೇಕು

ಇಲ್ಲಿ ಒಂದು ಹಳೆಯ ಕಥೆ ಉಪಯೋಗಕ್ಕೆ ಬರುತ್ತದೆ. 1998ರಲ್ಲಿ ಅಮೆರಿಕದ ಫ್ಲೋರಿಡಾ ರಾಜ್ಯ, ತಂಬಾಕು ಕಂಪನಿಗಳ ಜೊತೆಗಿನ ಮೊಕದ್ದಮೆ ರಾಜಿಯಿಂದ ಬಂದ ಹಣದಲ್ಲಿ ಒಂದು ಅಭಿಯಾನ ಶುರು ಮಾಡಿತು. ಹದಿಹರೆಯದವರನ್ನೇ ಕೂರಿಸಿಕೊಂಡು ರೂಪಿಸಿದ ಅದಕ್ಕೆ "ಟ್ರೂತ್" ಅಂತ ಹೆಸರು. ಅದು ಸೇದಬೇಡಿ ಅಂತ ಉಪದೇಶ ಮಾಡಲಿಲ್ಲ. ಕಂಪನಿಗಳು ನಿಮಗೆ ಹೇಗೆ ಸುಳ್ಳು ಹೇಳುತ್ತಿವೆ ನೋಡಿ ಅಂದಿತು. 1998ರಿಂದ 2000ದ ನಡುವೆ ಅಲ್ಲಿನ ಮಿಡ್ಲ್ ಸ್ಕೂಲ್ (6ರಿಂದ 8ನೇ ತರಗತಿ) ಮಕ್ಕಳಲ್ಲಿ ಸೇದುವವರು 18.5%ರಿಂದ 11.1%ಕ್ಕೆ ಇಳಿದರು. ಶಾಲಾ ಪಾಠ, ಮಾರಾಟದ ಮೇಲಿನ ಕಣ್ಗಾವಲು ಕೂಡ ಜೊತೆಗಿದ್ದವು, ಎಲ್ಲ ಹೆಸರೂ ಜಾಹೀರಾತಿಗೇ ಹೋಗಬಾರದು.

1998ರಲ್ಲೇ ಫಿಲಿಪ್ ಮೋರಿಸ್ ಸಿಗರೇಟು ಕಂಪನಿ ತಾನೂ ಯುವಕರಿಗೆ "ಯೋಚಿಸಿ, ಸೇದಬೇಡಿ" ಅನ್ನುವ ಅಭಿಯಾನ ಹೊರಡಿಸಿತು. ಆಮೇಲೆ ಟ್ರೂತ್ ಹೆಸರಿನ ಅಭಿಯಾನ ಇಡೀ ಅಮೆರಿಕಕ್ಕೆ ಹರಡಿತು, 2002ರಲ್ಲಿ ಪ್ರಕಟವಾದ ಅಧ್ಯಯನ ಅದನ್ನೂ ಕಂಪನಿಯದನ್ನೂ ಹೋಲಿಸಿತು. ಟ್ರೂತ್ ನೋಡಿದವರಲ್ಲಿ ತಂಬಾಕಿನ ವಿರುದ್ಧದ ನಿಲುವು ಗಟ್ಟಿಯಾಗಿತ್ತು. ಕಂಪನಿಯ ಜಾಹೀರಾತು ನೋಡಿದವರಲ್ಲಿ ಮುಂದೆ ಸೇದಬಹುದು ಅನ್ನುವ ಮನಸ್ಸೇ ಜಾಸ್ತಿ ಕಂಡಿತು! "ನೀನಿನ್ನೂ ಚಿಕ್ಕವನು, ಬೇಡ" ಅಂದರೆ ದೊಡ್ಡವನಾಗುವ ದಾರಿ ಇದೇ ಅಂತ ಹೇಳಿಕೊಟ್ಟ ಹಾಗೆ, ಅಲ್ವಾ?

ಥಾಯ್ಲೆಂಡಿನ ಆರೋಗ್ಯ ಪ್ರತಿಷ್ಠಾನ 2012ರಲ್ಲಿ ಇನ್ನೊಂದು ದಾರಿ ಹಿಡಿಯಿತು. ಕೈಯಲ್ಲಿ ಸಿಗರೇಟು ಹಿಡಿದ ಪುಟ್ಟ ಮಕ್ಕಳು ರಸ್ತೆಯಲ್ಲಿ ಸೇದುತ್ತಿದ್ದ ದೊಡ್ಡವರ ಹತ್ತಿರ ಹೋಗಿ ಬೆಂಕಿ ಕೇಳುತ್ತಾರೆ. ದೊಡ್ಡವರು ಕೊಡುವುದಿಲ್ಲ, ಸೇದಿದರೆ ಏನೇನಾಗುತ್ತದೆ ಅಂತ ಬುದ್ಧಿ ಹೇಳುತ್ತಾರೆ. ಮಕ್ಕಳು ಒಂದು ಚೀಟಿ ಕೊಟ್ಟು ಹೋಗುತ್ತಾರೆ: ನನ್ನ ಬಗ್ಗೆ ಇಷ್ಟು ಚಿಂತೆ ಮಾಡುತ್ತೀರಿ, ನಿಮ್ಮ ಬಗ್ಗೆ ಯಾಕಿಲ್ಲ? ಕೆಳಗೆ ಸಹಾಯವಾಣಿಯ ನಂಬರು. ಅಲ್ಲಿ ಸೇದುವವನನ್ನು ಯಾರೂ ಬೈಯಲಿಲ್ಲ.

ನಿಮ್ಮ ತಂಡಕ್ಕೂ ಇದೊಂದು ನಿಯಮ ಹಾಕಿ: ಚಟಕ್ಕೆ ಬಿದ್ದವರನ್ನು ಹೀಯಾಳಿಸುವ ಮಾತು, ಚಿತ್ರ, ನಾಟಕ ಬೇಡ. ಬೀದಿ ನಾಟಕದಲ್ಲಿ ಕೆಮ್ಮುತ್ತಾ ಬೀಳುವ ಅಪ್ಪನನ್ನು ನೋಡಿ ಎಲ್ಲರೂ ನಗುತ್ತಾರೆ. ಆ ಗುಂಪಿನಲ್ಲಿ ಮನೆಯಲ್ಲಿ ಅದೇ ಕೆಮ್ಮು ಕೇಳುವ ಮಗುವೂ ನಿಂತಿರುತ್ತದೆ. ಪೋಸ್ಟರು ತಯಾರಾದ ಮೇಲೆ ತಂಡದ ಹೊರಗಿನ ಐದು ಜನಕ್ಕೆ ತೋರಿಸಿ, "ಇದು ಏನು ಹೇಳುತ್ತಿದೆ?" ಅಂತ ಮಾತ್ರ ಕೇಳಿ. ಚೆನ್ನಾಗಿದೆಯಾ ಅಂತ ಕೇಳಬೇಡಿ, ಎಲ್ಲರೂ ಚೆನ್ನಾಗಿದೆ ಅಂತಲೇ ಹೇಳುತ್ತಾರೆ.

ಹಂತ 7: ಅಧಿಕಾರ ಇರುವವರ ಮುಂದೆ

ಮೂರು ನಿಮಿಷ. ಸಿಗುವುದು ಅಷ್ಟೇ ಅಂದುಕೊಂಡು ತಯಾರಾಗಿ. ಮೊದಲ ನಿಮಿಷ ಕಂಡದ್ದು (ನಕ್ಷೆ, ಅಳತೆ), ಎರಡನೆಯದು ಬೇಡಿಕೆ, ಮೂರನೆಯದು "ಯಾವ ದಿನದೊಳಗೆ ಉತ್ತರ ಕೊಡುತ್ತೀರಿ?" ಅನ್ನುವ ಪ್ರಶ್ನೆ. ಇಬ್ಬರು ಮಾತಾಡಲಿ, ಮೂರನೆಯವರು ಅಲ್ಲಿ ಹೇಳಿದ್ದನ್ನು ಬರೆದುಕೊಳ್ಳಲಿ. ಹಿಂದಿನ ದಿನ ನೀವೇ ಅಧಿಕಾರಿಯಾಗಿ ಕೂತು ಆಕಳಿಸಿ, ಫೋನ್ ತೆಗೆದು ಮಾತಾಡಿ, "ಓದೋದು ಬಿಟ್ಟು ಇದೆಲ್ಲ ಯಾಕೆ ನಿಮಗೆ?" ಅಂತ ಕೇಳಿ. ಇದನ್ನು ತಮಾಷೆಗೆ ಹೇಳುತ್ತಿಲ್ಲ. ಈ ಮೂರೂ ಆಗುತ್ತವೆ.

ನೀವು ಹಿಂದಿನ ಕುರ್ಚಿಯಲ್ಲಿ ಕೂತಿರಿ. ಅಧಿಕಾರಿ ಮಕ್ಕಳನ್ನು ಬಿಟ್ಟು ನಿಮ್ಮ ಮುಖ ನೋಡಿ ಪ್ರಶ್ನೆ ಕೇಳಿದರೆ, "ಅವರೇ ಹೇಳುತ್ತಾರೆ ಸರ್" ಅನ್ನಿ. ತಡೆದುಕೊಳ್ಳುವುದು ಕಷ್ಟ. ಉತ್ತರ ನಿಮಗೆ ಬಾಯಿಗೆ ಬಂದಿರುತ್ತದೆ.

ಹಂತ 8: ಬಿಡಬೇಕು ಅನ್ನುವವರಿಗೆ

ಅಭಿಯಾನ ಶುರುವಾದ ಕೆಲವೇ ವಾರದಲ್ಲಿ ಯಾರಾದರೂ ಒಬ್ಬರು ಬಂದು ಮೆಲ್ಲಗೆ, "ನನಗೆ ಬಿಡೋಕೆ ಆಗ್ತಿಲ್ಲ" ಅನ್ನುತ್ತಾರೆ. ಅದಕ್ಕೆ ಮೊದಲೇ ಸಿದ್ಧರಾಗಿರಿ. ಹತ್ತಿರದ ಆಪ್ತ ಸಲಹೆಗಾರರು, ವೈದ್ಯರು, ನಿಮ್ಮ ದೇಶದ ತಂಬಾಕು ತ್ಯಜಿಸುವ ಸಹಾಯವಾಣಿ, ಇವುಗಳ ವಿವರ ಕೈಯಲ್ಲಿರಲಿ. ತಂಡದ ಮಕ್ಕಳ ಕೆಲಸ ಕೇಳಿಸಿಕೊಂಡು ದಾರಿ ತೋರಿಸುವುದು ಮಾತ್ರ, ಚಿಕಿತ್ಸೆ ಕೊಡುವುದಲ್ಲ. ನಿಕೋಟಿನ್ ಗಮ್ ಮತ್ತಿತರ ಔಷಧಿ ವೈದ್ಯರನ್ನು ಕೇಳದೆ ಚಿಕ್ಕವರಿಗೆ ಬೇಡ.

ಸೇದುವವರಿಗೆ ಹೇಳಲು ಒಳ್ಳೆಯ ಸುದ್ದಿಯೂ ಇದೆ. ಕೊನೆಯ ಸಿಗರೇಟಾಗಿ 20 ನಿಮಿಷಕ್ಕೆ ಎದೆಬಡಿತ ಇಳಿಯಲು ಶುರುವಾಗುತ್ತದೆ. 12 ಗಂಟೆಯಲ್ಲಿ ರಕ್ತದಲ್ಲಿನ ಕಾರ್ಬನ್ ಮಾನಾಕ್ಸೈಡ್ ಅನ್ನುವ ವಿಷಾನಿಲ ಮಾಮೂಲಿ ಮಟ್ಟಕ್ಕೆ ಬರುತ್ತದೆ. ಮೊದಲ ಕೆಲವು ದಿನ ಸಿಟ್ಟು, ಚಡಪಡಿಕೆ, ನಿದ್ದೆಗೇಡು ಇರುತ್ತದೆ. ಅದು ಸೋಲಲ್ಲ, ನಿಕೋಟಿನ್ ಇಲ್ಲದೆ ಮೈ ಹೊಂದಿಕೊಳ್ಳುತ್ತಿರುವ ರೀತಿ ಅಂತ ತಿಳಿಸಿ ಹೇಳಿ. ಮತ್ತೆ ಜಾರಿದವನನ್ನು ತಂಡದಿಂದ ತೆಗೆಯಬೇಡಿ.

ಹಣ, ಆನ್‌ಲೈನ್, ಮತ್ತೆರಡು ಮಾತು

ತಂಬಾಕು ಕಂಪನಿಯಿಂದ, ಅದು ಬೇರೆ ಹೆಸರಲ್ಲಿ ನಡೆಸುವ ಪ್ರತಿಷ್ಠಾನದಿಂದ, ಟೀ ಶರ್ಟು ಕೊಡುತ್ತೇನೆ ಅನ್ನುವ ವಿತರಕರಿಂದ ಏನೂ ತೆಗೆದುಕೊಳ್ಳಬೇಡಿ. ಮೇಲೆ ಹೇಳಿದ ಒಪ್ಪಂದದ 5.3ನೇ ವಿಧಿ ಸರ್ಕಾರಗಳಿಗೇ ಈ ಎಚ್ಚರಿಕೆ ಕೊಟ್ಟಿದೆ. ಹಣ ಕೊಡುವವರು ಯಾರು ಅಂತ ಹುಡುಕುವ ಕೆಲಸವನ್ನು ತಂಡಕ್ಕೇ ವಹಿಸಿ, ಪತ್ತೇದಾರಿ ಕೆಲಸ ಅಂದರೆ ಅವರಿಗೆ ಖುಷಿ.

ಆನ್‌ಲೈನ್ ಖಾತೆ ತಂಡದ ಹೆಸರಲ್ಲಿರಲಿ, ಪಾಸ್‌ವರ್ಡ್ ಒಬ್ಬ ದೊಡ್ಡವರ ಹತ್ತಿರವೂ ಇರಲಿ. ಮಕ್ಕಳ ಶಾಲೆ, ಮನೆ, ಓಡಾಡುವ ಹೊತ್ತು ಗೊತ್ತಾಗುವ ಹಾಗೆ ಏನನ್ನೂ ಹಾಕಬಾರದು. ಕೆಟ್ಟ ಕಾಮೆಂಟು ಬಂದರೆ ಉತ್ತರ ಕೊಡದೆ ಸ್ಕ್ರೀನ್‌ಶಾಟ್ ತೆಗೆದು ನಿಮಗೆ ತೋರಿಸಲಿ.

ಹಂತ 9: ಲೆಕ್ಕ, ಮತ್ತು ಮುಂದಿನವರು

ಎಷ್ಟು ಪೋಸ್ಟರ್ ಅಂಟಿಸಿದೆವು ಅನ್ನುವುದು ಲೆಕ್ಕವಲ್ಲ. ಆರು ತಿಂಗಳ ನಂತರ ಅದೇ ದಾರಿಯಲ್ಲಿ, ಅದೇ ಅಂಗಡಿಗಳ ಮುಂದೆ, ಅದೇ ಎತ್ತರದಲ್ಲಿ ಕೂತು ಮತ್ತೆ ನಕ್ಷೆ ಮಾಡಿ. ಚೀಟಿ ಆಟವನ್ನೂ ಮತ್ತೆ ಆಡಿಸಿ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ.

ಗೆದ್ದ ಮೇಲೂ ತಂಡ ಬೇಕು. ನ್ಯೂಜಿಲೆಂಡ್ 2022ರ ಡಿಸೆಂಬರಿನಲ್ಲಿ, 2009ರಿಂದ ಈಚೆಗೆ ಹುಟ್ಟಿದವರಿಗೆ ಯಾವತ್ತೂ ತಂಬಾಕು ಮಾರುವಂತಿಲ್ಲ ಅನ್ನುವ ಕಾನೂನು ಮಾಡಿತು. ಜಗತ್ತೇ ಹೊಗಳಿತು. ಸರ್ಕಾರ ಬದಲಾಯಿತು, 2024ರ ಫೆಬ್ರುವರಿಯಲ್ಲಿ ಆ ಕಾನೂನೇ ರದ್ದಾಯಿತು.

ಮಕ್ಕಳಂತೂ ಬೆಳೆದು ಹೊರಟೇ ಹೋಗುತ್ತಾರೆ. ಹಾಗಾಗಿ ತಂಡದ ಮೂರನೇ ಒಂದು ಭಾಗ ಯಾವಾಗಲೂ ಚಿಕ್ಕ ತರಗತಿಯವರಿರಲಿ. ಒಂದು ನೋಟ್‌ಬುಕ್ ಇಡಿ. ಯಾರನ್ನು ಭೇಟಿಯಾದೆವು, ಅವರು ಏನು ಹೇಳಿದರು, ಯಾವ ಪೋಸ್ಟರ್ ಯಾರಿಗೂ ಅರ್ಥವಾಗಲಿಲ್ಲ, ಎಲ್ಲ ಅದರಲ್ಲಿ ಬರೆಯಲಿ. ಹೋಗುವವರು ಬರುವವರಿಗೆ ಅದನ್ನು ಓದಿ ಹೇಳುವುದಕ್ಕೆ ಒಂದು ಪೂರ್ತಿ ಸಭೆ ಬಿಡಿ. ಕುಕ್ಕರಗಾಲಲ್ಲಿ ಕೂತು ಅಳೆದ ಹುಡುಗಿಯ ತಂಡದ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಒಂದೇ ಸಾಲು ಇತ್ತು: "ಟೇಪು ಮರೆಯಬೇಡಿ. ಸರ್ ಹತ್ರ ಇರೋದು ಮುರಿದುಹೋಗಿದೆ."